ಕವರಿನ ಹಿಂಬದಿಯಲ್ಲಿ ಜಾಗ ಸಾಲದ್ದು

ಕವರಿಗೆ ನಾಲ್ಕೇ ಸಾಲು ಸಾಕು ಅಂದಳು ಜಸಿಂತ.
ಹನ್ನೆರಡಿಂಚಿನ ಚೌಕ, ಅದರಲ್ಲಿ ಅರ್ಧ
ಬೆಲೆಗೆ, ವಿಳಾಸಕ್ಕೆ, ಸಾಲ ಕೊಟ್ಟವರ ಹೆಸರಿಗೆ.
ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ
ಗಿರಣಿಯ ಚೀಟಿಗಳ ಬೆನ್ನ ಮೇಲೆ.

ಸೀಗೆಹಟ್ಟಿಯಲ್ಲಿ, ಬುಡನ್ ಸಾಬರ ಹಿಟ್ಟಿನ ಗಿರಣಿಯ ಮೇಲೆ
ನಮ್ಮ ಕಂಪನಿ. ಕಂಪನಿ ಎಂದರೆ ಒಂದು ಕೋಣೆ,
ಗೋಡೆಗೆ ಗೋಣಿತಾಟು, ಕಿಟಕಿಗೆ ಹಳೇ ಹಾಸಿಗೆ,
ಎರಡು ಮೈಕು, ಕಂತು ತೀರದ ಒಂದು ಮಿಕ್ಸರು,
ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ ಹೆಸರು: ತೂಬು.
ಕೆರೆ ಎಲ್ಲಿ ಅಂತ ಕೇಳುತ್ತಾರೆ ಬಂದವರು.
ತುಂಬಿದಾಗ ತೋರಿಸ್ತೀವಿ, ಅನ್ನುತ್ತಾನೆ ದ್ಯಾವಪ್ಪ.

ಗಿರಣಿ ನಿಲ್ಲುವುದು ರಾತ್ರಿ ಒಂಬತ್ತಕ್ಕೆ.
ಆಮೇಲೆ ನಮಗೆ ಬೆಳಗು.
ವೀಣೆಯ ಕೊಡ ಬಾಗಿಲಿಗೆ ತಾಗದಂತೆ
ಓರೆಯಾಗಿ ಒಳಬರುತ್ತಾಳೆ ಕುಮುದಾ,
ಸೀರೆಯ ಅಂಚಿಗೆ ಮೆಟ್ಟಿಲ ರಾಗಿಹಿಟ್ಟು.
ದ್ಯಾವಪ್ಪ ಕ್ಲಾರಿಯೋನೆಟ್ಟಿನ ರೀಡು ನೆನೆಸುತ್ತ
ಇವತ್ತು ಎರಡು ಮದುವೆ ಮುಗಿಸಿದೆ ಅನ್ನುತ್ತಾನೆ,
ಅಲ್ಲಿ ಊದಿದ್ದು ಹೊಟ್ಟೆಗೆ, ಇಲ್ಲಿ...
ಮುಂದಿನದು ಯಾವತ್ತೂ ಹೇಳಿಲ್ಲ.

ಇಂದುಧರಯ್ಯ ಮಾತ್ರ ಎಂಟೂವರೆಗೇ ಬಂದು
ಕಟ್ಟೆಯ ಮೇಲೆ ಕೂತಿರುತ್ತಾರೆ, ಸ್ವರಲಿಪಿ ತೊಡೆಯಲ್ಲಿ.
ಮೂವತ್ತೊಂದು ವರ್ಷ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನು ನಡೆಸಿದವರು.
ಅಲ್ಲಿ ಪಾಳಿ ಬದಲಾಗುವ ಸೈರನ್ನು
ಗಾಂಧಾರವಲ್ಲ, ಮಧ್ಯಮವೂ ಅಲ್ಲ,
ಎರಡರ ನಡುವೆ ಕಾಲು ಚಾಚಿ ಕೂತ ಒಂದು ಸ್ವರ.
ನಿವೃತ್ತಿಯ ದಿನ ಅದು ಹಿಂದೆಯೇ ಬಂತಂತೆ
ನೆರೆಮನೆಯವರು ಬಿಟ್ಟುಹೋದ ನಾಯಿಯ ಹಾಗೆ.
ಅನ್ನ ಹಾಕದೆ ಹೇಗಿರಲಿ?

ಯಾವ ರಾಗ ಇದು, ಕೇಳಿದ್ದರು ಸಭಾದ ಕಾರ್ಯದರ್ಶಿ.
ಎರಡನೇ ಪಾಳಿ, ಅಂದರು ಇವರು.
ತಾಳ?
ಬಾಯ್ಲರು.
ಆ ವರ್ಷದ ರಾಮನವಮಿಗೆ ನಮಗೆ ಕರೆ ಬರಲಿಲ್ಲ.

ಒಂದು ರಾತ್ರಿ ನುಡಿಸುತ್ತಿದ್ದಾಗಲೇ
ಕೆಳಗೆ ಗಿರಣಿ ಹೊರಟಿತು.
ಯಾರದೋ ಮನೆಯ ನಿಶ್ಚಿತಾರ್ಥ, ಹತ್ತು ಸೇರು ಅಕ್ಕಿಹಿಟ್ಟು, ಅರ್ಜೆಂಟು.
ನಾನು ಗುಂಡಿ ಒತ್ತಿ ನಿಲ್ಲಿಸಬೇಕಿತ್ತು.
ಇಂದುಧರಯ್ಯ ಕೈ ಎತ್ತಿದರು: ಇರಲಿ.
ಬೆಲ್ಟಿನ ಏಳು ಪೆಟ್ಟು, ಎಂಟನೆಯದು ಜಾರಿ
ಮತ್ತೆ ಏಳು. ಕುಮುದಾ ಕಣ್ಣು ಮುಚ್ಚಿ
ಆ ಜಾರಿದ ಜಾಗಕ್ಕೆ ಒಂದು ಮೀಟು ಇಟ್ಟಳು.
ಜಸಿಂತಳ ಪಿಟೀಲು ಅದರ ಮೇಲೆ ಸೇತುವೆ ಹಾಕಿತು.
ನೆಲ ನಡುಗುತ್ತಿತ್ತು. ನನ್ನ ಲೋಟದ ಚಹಾದಲ್ಲಿ ಉಂಗುರಗಳು.

ಇನ್ನೂರು ತಟ್ಟೆ ಒತ್ತಿಸಿದೆವು, ಎಪ್ಪತ್ತಮೂರು ಹೋದವು.
ಉಳಿದವು ಜಸಿಂತಳ ಮಂಚದ ಕೆಳಗೆ;
ಅವಳಮ್ಮ ಪಕ್ಕದಲ್ಲೇ ಈರುಳ್ಳಿ ಹರಡುತ್ತಾರೆ.

ಆಮೇಲೆ ಯಾವುದೋ ದೂರದೇಶದಿಂದ ಕಾಗದ:
ಐದನೇ ನಿಮಿಷಕ್ಕೆ ಬರುವ ಆ ಲಯವಾದ್ಯಗಾರ ಯಾರು?
ಎಷ್ಟು ಸಂಯಮ, ಎಂಥ ಕುಂಟು,
ಒಮ್ಮೆಯೂ ತನ್ನತ್ತ ಗಮನ ಸೆಳೆಯುವುದಿಲ್ಲ.

ನಕ್ಕೆವು. ಆಮೇಲೆ ಲೆಕ್ಕ ಕೂಡಿಸಿದೆವು.
ಐದು ಪಾಲನ್ನು ಆರು ಮಾಡಿದಾಗ
ಬುಡನ್ ಸಾಬರಿಗೆ ಇನ್ನೂರ ಹನ್ನೆರಡು ರೂಪಾಯಿ.
ಮೂರು ತಿಂಗಳ ಬಾಡಿಗೆ ಬಾಕಿ ಇತ್ತು,
ಮುರಿದುಕೊಳ್ಳುತ್ತಾರೆ ಅಂದುಕೊಂಡೇ ಲಕೋಟೆ ಕೊಟ್ಟೆ.
ಅವರು ಎಣಿಸಲಿಲ್ಲ. ಕೇಳಿಸು ಅಂದರು.

ಹೆಡ್‌ಫೋನು ಬೆಳ್ಳಗಾಯಿತು ಅವರ ಕಿವಿಯ ಹಿಟ್ಟಿಗೆ.
ಐದನೇ ನಿಮಿಷ. ಆರನೇದು.
ಮೊಣಕಾಲ ಮೇಲೆ ಬೆರಳು ಆಡಲಿಲ್ಲ, ತಲೆ ತೂಗಲಿಲ್ಲ,
ಹುಬ್ಬು ಮಾತ್ರ ಗಂಟಾಯಿತು.
ಮುಗಿದಾಗ ಕಳಚಿ ನನ್ನ ಕೈಗಿಟ್ಟು
ಅವಮಾನವಾದವರಂತೆ ಅಂದರು:
ಬೆಲ್ಟು ಸಡ್ಲ ಆಗಿತ್ತು ಅವತ್ತು.
ಇನ್ನೊಂದ್ ಸಲ ತಗೊಳ್ರಿ, ಬಿಗಿ ಮಾಡಿ ಕೊಡ್ತೀನಿ.

ಕುಮುದಾ ಮೊನ್ನೆ ಇದನ್ನೇ ಅಂದಿದ್ದಳು, ತನ್ನ ಮಂದ್ರದ ತಂತಿಯ ಬಗ್ಗೆ.
ದ್ಯಾವಪ್ಪ ಪ್ರತಿ ಸಲವೂ ಅನ್ನುತ್ತಾನೆ.

ಇಷ್ಟು ಬರೆದ ಮೇಲೆ, ಜಸಿಂತ, ತಗೋ ನಿನ್ನ ನಾಲ್ಕು ಸಾಲು:

ರಚನೆ ಇಂದುಧರಯ್ಯ. ವೀಣೆ ಕುಮುದಾ.
ಪಿಟೀಲು ಜಸಿಂತ ಲೋಬೋ. ಕ್ಲಾರಿಯೋನೆಟ್ ದ್ಯಾವಪ್ಪ.
ಬೆಲ್ಟು, ಬುಡನ್ ಸಾಬ್.
ಸಡಿಲವಾಗಿಯೇ ಇರಲಿ ಎಂದು ಕೇಳಿಕೊಂಡವರು ನಾವು.