ಆರು ನಾಲ್ಕು ನಾಲ್ಕು

ಬ್ರನೋ ಊರಿನ ಗ್ರಂಥಾಲಯ, ಮುಚ್ಚುವ ಹೊತ್ತು.
ಕೋಟು ತೊಟ್ಟುಕೊಂಡೇ ಕೂತಿದ್ದಾಳೆ ಲಿಬುಶೆ
ಹದಿಮೂರನೆಯ ಕಂಪ್ಯೂಟರಿನೆದುರು.

ಯಂತ್ರ ಪೂರ್ತಿ ಕಣ್ಣು ಬಿಡುವ ಮೊದಲೇ
ಓದಿಕೊಳ್ಳುವ ಕಡತ ಅದು.
ಪಾಸ್‌ವರ್ಡನ್ನು ಗುರುತು ಸಿಗದಂತೆ ಅರೆದು
ಅದರೊಳಗೆ ಇಟ್ಟವಳು ಇವಳೇ.
ಬೀಗವೇನೋ ಗಟ್ಟಿ;
ಅಪ್ಪಣೆಯ ಅಂಕಿ ಮಾತ್ರ
ಆರು ನಾಲ್ಕು ನಾಲ್ಕು:
ಬಂದವರೆಲ್ಲ ಓದಬಹುದು.

ಹೋದ ವರ್ಷವೂ ತಿದ್ದಿದ್ದಳು.
ಹೊಸ ಆವೃತ್ತಿ ಬಂತು,
ಕಡತವನ್ನು ಮೊದಲಿಂದ ಬರೆಯಿತು,
ಹಳೆಯ ತಪ್ಪೊಂದನ್ನೂ ಮರೆಯದೆ.

ಈಗ ಆರು ಸೊನ್ನೆ ಸೊನ್ನೆ.
ಎಂಟರ್ ಒತ್ತಿದಳು.

ಪುಸ್ತಕವಾದರೆ ಹಾಳೆಯ ಕಿವಿ ಮಡಿಚಿರುತ್ತದೆ,
ಕಾಫಿ ಕಲೆ, ಪೆನ್ಸಿಲ್ ಗೀಟು, ಯಾರದೋ ಟ್ರ್ಯಾಮ್ ಟಿಕೇಟು.
ಇದನ್ನು ಯಾರು ಓದಿದರು?

ದೀಪ ಆರಿಸುವ ಮುನ್ನ
ಖಾಲಿ ಕುರ್ಚಿಗಳನ್ನು ನೋಡಿದಳು,
ಒಂದೊಂದನ್ನೇ.