ಕಿವಿ ಚುಚ್ಚುವವನು

ಮೊಮ್ಮಗಳು ಓದಿ ಹೇಳಿದಳು:
ಈಜಿಪ್ಟಿನಲ್ಲಿ ಒಂದೂರು, ಕೆರೆಯ ಪಕ್ಕ ಗುಡಿ,
ಒಳಗೆ ದೇವರು, ಜೀವಂತ ಮೊಸಳೆ.
ಮುಂಗಾಲಿಗೆ ಕಡಗ, ಕಿವಿಗೆ ಚಿನ್ನದ ಓಲೆ,
ನೈವೇದ್ಯಕ್ಕೆ ಜೇನು ಕಲಸಿದ ರೊಟ್ಟಿ.

"ಚುಚ್ಚಿದವರು ಯಾರಂತೆ?" ಅಂದೆ.
ಪುಸ್ತಕದಲ್ಲಿ ಅದಿಲ್ಲ.

ನಲವತ್ತು ವರ್ಷ ಗಂಜಾಮಿನಲ್ಲಿ
ಕೂಸುಗಳ ಕಿವಿ ಚುಚ್ಚಿದ್ದೇನೆ.
ಸೋದರಮಾವನ ತೊಡೆ ಬೇಕು,
ಅವ್ವ ಎದುರಿಗೆ ಬೆಲ್ಲ ತೋರಿಸುತ್ತಿರಬೇಕು,
ಅರಿಸಿನದ ಚುಕ್ಕೆ ನೋಡಿ ಒಂದೇ ಏಟಿಗೆ ತಂತಿ ದಾಟಬೇಕು.
ತಡೆದೆಯೋ, ಕೂಸಿಗೆ ಗೊತ್ತಾಗಿಬಿಡುತ್ತದೆ.
ಅಲ್ಲಿ ತೊಡೆ ಕೊಟ್ಟ ಮಾವ ಯಾರು?

ಭಾನುವಾರ ರಂಗನತಿಟ್ಟಿಗೆ ಹೋದೆವು.
ದೋಣಿಯ ಅಂಕಯ್ಯ ಹುಟ್ಟು ನಿಲ್ಲಿಸಿದ.
ಬಂಡೆಯ ಮೇಲೆ ಬಾಯಿ ತೆರೆದು ಮಲಗಿತ್ತು.
ಎಲ್ಲರೂ ಹಲ್ಲು ನೋಡಿದರು,
ನಾನು ಕಿವಿ ಹುಡುಕಿದೆ.
ಕಣ್ಣಿನ ಹಿಂದೆ ಒಂದು ಗೆರೆ,
ಮುಚ್ಚಿದ ರೆಪ್ಪೆಯ ಹಾಗೆ, ಅಷ್ಟೇ.
ಓಲೆ ನಿಲ್ಲುವ ಜಾಗವೇ ಅಲ್ಲ.

ಆದರೂ ಯಾರೋ ಒಬ್ಬ ಅಕ್ಕಸಾಲಿ
ಹೆಂಡತಿಗೂ ಹೇಳದೆ, ಬೆಳಕು ಹರಿಯುವ ಮೊದಲೇ
ಸೂಜಿ ಕಾಯಿಸಿಕೊಂಡು ಹೊರಟಿರಬೇಕು.
ಕೂಲಿ ಎಷ್ಟು ಕೇಳಿದನೋ.
ಕೇಳಿದನೋ ಇಲ್ಲವೋ.

"ತಾತ, ಕೈ ಒಳಗೆ" ಎಂದಳು ಮೊಮ್ಮಗಳು.
ನೋಡಿದರೆ,
ನನ್ನ ಹೆಬ್ಬೆರಳು, ತೋರುಬೆರಳು
ನೀರಿನ ಮೇಲೆ ಆ ಗೆರೆಯನ್ನು
ಮೆಲ್ಲಗೆ ಹಿಡಿದುಕೊಂಡಿದ್ದವು.