ಸರಾಸರಿ ನೀರು

ಸಭೆ ಮುಗಿದ ಹಾಲು. ಫ್ಯಾನಿಗೆ ಹಾರದಂತೆ
ಹಾಳೆಯ ಮೇಲೆ ಬಿಸ್ಕತ್ತಿನ ತಟ್ಟೆ.
"ಮಾರ್ಗದರ್ಶಿ ತತ್ವಗಳು. ಒಂದು ಪುಟ ಸಾಕು,
ಸಂಜೆಯೊಳಗೆ ಕೊಡಿ, ಇನಾಯತ್ ಸಾಹೇಬ್ರೇ,
ಇಪ್ಪತ್ತಾರು ವರ್ಷ ಫೀಲ್ಡಲ್ಲಿದ್ದವರು ನೀವು."

ಬರೆದೆ: ಒಂದು. ಅಂಕಿ ಅಂಶ ಆಧರಿಸಿರಬೇಕು.

ಅಂಕಿ ಅಂಶ ಇದೆ. ಸಕಲೇಶಪುರದ ಝರಿ ನೀರು,
ಅರಸೀಕೆರೆಯ ಒಂಬೈನೂರಡಿ ಬೋರಿನ ನೀರು,
ಕೂಡಿ, ಭಾಗಿಸಿ, ಬಂದ ಫ್ಲೋರೈಡು
ಮಿತಿಯ ಒಳಗೇ. ನಕ್ಷೆಗೆ ಹಸಿರು ಹಚ್ಚಿದ್ದೇವೆ.
ಆ ಸರಾಸರಿ ನೀರನ್ನು
ಹಾಸನ ಜಿಲ್ಲೆಯಲ್ಲಿ ಒಬ್ಬರೂ ಕುಡಿದಿಲ್ಲ.

ತಿಮ್ಮನಕೊಪ್ಪಲಿನವರು ಕುಡಿಯುವುದು ಅಲ್ಲಿಯದೇ ನೀರು.
ಅಲ್ಲಿ ನಗು ಬಂದರೆ ಕೈ ಮೊದಲು ಬಾಯಿಗೆ ಹೋಗುತ್ತದೆ,
ಮಕ್ಕಳದೂ. ಶಾಲೆಯ ಗ್ರೂಪ್ ಫೋಟೋ ತೆಗೆದು ನೋಡಿ,
ನಲವತ್ತೊಂದು ಮುಚ್ಚಿದ ತುಟಿ.
"ಯಾವೂರ ನೀರು ಕುಡಿದು ಬೆಳೆದವಳು?"
ಹೆಣ್ಣು ನೋಡಲು ಬಂದವರು ಕೇಳುವುದು
ಇಲ್ಲಿ ಬರೀ ಮಾತಿಗಲ್ಲ.

ಎರಡು. ಜನರಿಗೆ ತಿಳಿವಳಿಕೆ ನೀಡಬೇಕು.

ನೀಡಿದ್ದೇನೆ. ಗೋಡೆಗೆ ಸುಣ್ಣ ಹೊಡೆಸಿ, ನೀಲಿಯಲ್ಲಿ
'ಬೋರಿನ ನೀರು ಕುಡಿಯಬೇಡಿ' ಎಂದು ನಾನೇ ಬರೆಸಿದ್ದು.
ಅದರ ಕೆಳಗೇ ಬೋರಿನ ನಲ್ಲಿ.
ಕೊಡ ತುಂಬುತ್ತ ಸಿದ್ದಗಂಗಮ್ಮ ಓದಿದಳು, ಒಂದೊಂದೇ ಅಕ್ಷರ,
ಮುಗಿಸಿ ಕೇಳಿದಳು:
"ಸರಿ ಸಾರ್. ಮತ್ತೇನ್ ಕುಡಿಯಾನ?"

ಶುದ್ಧ ನೀರಿನ ಘಟಕ ಬಂತು ಆಮೇಲೆ.
ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರ್.
ನಾಣ್ಯ ಬಿದ್ದ ಸದ್ದು ಎಣಿಸಿ ವರದಿ ಕಳಿಸಿದೆವು:
ದಿನಕ್ಕೆ ಇನ್ನೂರ ಹತ್ತು ಕ್ಯಾನ್, ಯಶಸ್ವಿ.
ನಾಣ್ಯ ಬೀಳದ ಮನೆಗೆ ಸದ್ದಿಲ್ಲ,
ವರದಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಹಟ್ಟಿಯಿಂದ ಘಟಕಕ್ಕೆ ಒಂದೂವರೆ ಮೈಲಿ.
ಮೊಣಕಾಲು ಮಡಿಸಲಾಗದ ಕರಿಯಜ್ಜಿ
ಇಪ್ಪತ್ತು ಲೀಟರ್ ಹೊರುತ್ತಾಳೆಂದು
ಯೋಜನೆ ಬರೆದವರು ತಿಳಿದಿದ್ದರೋ,
ಅವಳೊಬ್ಬಳಿದ್ದಾಳೆಂದೇ ತಿಳಿದಿರಲಿಲ್ಲವೋ.
ಬರೆದವರಲ್ಲಿ ನಾನೂ ಇದ್ದೆ.

ಮೂರು ಎಂದು ಬರೆದು ಬಹಳ ಹೊತ್ತು ಕೂತೆ.
ಹೊರಗೆ ಎನ್‌ಆರ್ ಸರ್ಕಲ್ ಕಡೆಯ ಬಸ್ಸಿನ ಹಾರ್ನು.
ಅಟೆಂಡರ್ ಬಂದು ತಟ್ಟೆ ಎತ್ತಿದ, ಹಾಳೆ ಹಾರಿತು.
ಬಗ್ಗಿ ಹಿಡಿದು, ಎರಡೂ ಸಾಲು ಹೊಡೆದುಹಾಕಿ
ಬರೆದೆ:

ನಕ್ಷೆಗೆ ಹಸಿರು ಹಚ್ಚುವ ಮುಂಚೆ
ಕೊನೆಯ ನಲ್ಲಿಯ ನೀರು ಒಂದು ಲೋಟ
ಈ ಮೇಜಿನ ಮೇಲೆ ಇಡತಕ್ಕದ್ದು.
ಸಹಿ ಮಾಡುವವರು ಕುಡಿದು ಮಾಡತಕ್ಕದ್ದು.

"ಇದು ತತ್ವ ಅಲ್ಲವಲ್ಲ, ಇನಾಯತ್ ಸಾಹೇಬ್ರೇ,"
ಅಂದರು. ಅವರ ಮುಂದೆ ಸೀಲು ಒಡೆಯದ ಬಾಟಲಿ.
ಅಲ್ಲ ಸಾರ್, ಅಂದೆ,
ನೀರು.